ಬಿಸಿಲು ಸೀಮೆಯಲ್ಲಿ ಬಸಿರು, ಬಾಣಂತನ ಮತ್ತು ಕೂಸಿನ ಆರೈಕೆ: ಮೊದಲ ಬಾರಿಗೆ ತಂದೆತಾಯಿಯಾಗುವವರಿಗೆ ಸಮಗ್ರ ಮಾರ್ಗದರ್ಶಿ

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಬಹಳಷ್ಟು ಮನೆಗಳಲ್ಲಿ ಹೆರಿಗೆಯಾದ ಮರುದಿನದಿಂದಲೇ ಎರಡು ಕಟ್ಟಳೆಗಳು ಜಾರಿಗೆ ಬರುತ್ತವೆ. ನೀರು ಹೆಚ್ಚು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮೈಗೆ ನಂಜಾಗುತ್ತದೆ ಎಂದು ಬಾಣಂತಿಗೆ ನೀರನ್ನು ಅಳೆದು ಕೊಡುತ್ತಾರೆ. ಬಿಸಿಲಿಗೆ ಗಂಟಲು ಒಣಗೀತೆಂದು ಕಾಯಿಸಿ ಆರಿಸಿದ ನೀರನ್ನೋ ಸಕ್ಕರೆ ನೀರನ್ನೋ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಕೂಸಿಗೆ ಹಾಕುತ್ತಾರೆ. ಎರಡೂ ಮಮತೆಯಿಂದ ಹುಟ್ಟಿದ ಕಟ್ಟಳೆಗಳೇ, ಆದರೆ ಎರಡೂ ತಲೆಕೆಳಗಾಗಿವೆ. ನೀರು ಬೇಕಾದದ್ದು ಬಾಣಂತಿಗೆ. ಕೂಸಿಗೆ ಆರು ತಿಂಗಳು ತುಂಬುವವರೆಗೆ ಒಂದು ಹನಿಯೂ ಬೇಡ. ಈ ಮಾರ್ಗದರ್ಶಿಯ ಬಹುಪಾಲು ಈ ಮಾತಿನ ಸುತ್ತಲೇ ಇದೆ. ಆದರೆ ಹಾಲುಣಿಸುವ ತಾಯಿಯ ಮೈ ಸಿದ್ಧವಾಗುವುದು ಬಸಿರಿನಲ್ಲಿಯೇ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮೊದಲ ಹೆಜ್ಜೆ: ಹನ್ನೆರಡು ವಾರದೊಳಗೆ ಹೆಸರು ಬರೆಸುವುದು

ಮುಟ್ಟು ನಿಂತದ್ದು ಗೊತ್ತಾದ ಕೂಡಲೇ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಉಪಕೇಂದ್ರದಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹನ್ನೆರಡನೆಯ ವಾರದೊಳಗೆ ನೋಂದಣಿ ಮಾಡಿಸಿ ತಾಯಿ ಕಾರ್ಡ್ ಪಡೆಯಬೇಕು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನೆಂಟರಿಗೆ ಹೇಳದಿದ್ದರೆ ನಷ್ಟವೇನಿಲ್ಲ, ಆದರೆ ಆಶಾ ಕಾರ್ಯಕರ್ತೆಗೆ ಹೇಳದಿದ್ದರೆ ನಷ್ಟವಿದೆ: ಕೂಸಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವು ವಾರಗಳಲ್ಲಿಯೇ, ಅದಕ್ಕೆ ಬೇಕಾದ ಫೋಲಿಕ್ ಆಮ್ಲದ ಮಾತ್ರೆ ಆ ಹೊತ್ತಿನಲ್ಲೇ ಹೊಟ್ಟೆ ಸೇರಬೇಕು. ಬಸಿರಾಗುವ ಯೋಚನೆಯಿದ್ದವರು ಮುಂಚಿತವಾಗಿಯೇ ಅದನ್ನು ಆರಂಭಿಸುವುದು ಇನ್ನೂ ಒಳ್ಳೆಯದು.

ಒಟ್ಟು ಕನಿಷ್ಠ ನಾಲ್ಕು ತಪಾಸಣೆಗಳಾಗಬೇಕು: ಹನ್ನೆರಡು ವಾರದೊಳಗೆ ಒಂದು, 14ರಿಂದ 26 ವಾರದ ನಡುವೆ ಒಂದು, 28ರಿಂದ 34 ವಾರದ ನಡುವೆ ಒಂದು, 36 ವಾರದ ನಂತರ ಒಂದು. ಪ್ರತಿ ತಿಂಗಳ 9ನೆಯ ತಾರೀಖಿನಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಉಚಿತವಾಗಿ ಪರೀಕ್ಷಿಸುತ್ತಾರೆ. ಆ ದಿನ ಜನ ಹೆಚ್ಚಿರುವುದರಿಂದ ಬುತ್ತಿ ಕಟ್ಟಿಕೊಂಡು, ನೀರಿನ ಬಾಟಲಿ ಹಿಡಿದು, ಬೆಳಗ್ಗೆ ಬೇಗನೆ ಹೋಗುವುದು ಜಾಣತನ. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಮೂತ್ರ ಮತ್ತು ಸಕ್ಕರೆ, ಇಷ್ಟನ್ನೂ ನೋಡಿಸದೆ ಮರಳಬಾರದು. ಸಕ್ಕರೆಯ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಬಸಿರಿನ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲಿ ಸರಿಯಾಗಿದ್ದರೂ 24ರಿಂದ 28 ವಾರದ ನಡುವೆ ಇದನ್ನು ಮತ್ತೊಮ್ಮೆ ಮಾಡಿಸಬೇಕು. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿ ತಂದೆಯದು ಪಾಸಿಟಿವ್ ಆಗಿದ್ದರೆ ಅದನ್ನು ಮೊದಲ ದಿನವೇ ವೈದ್ಯರಿಗೆ ಹೇಳಬೇಕು, ಏಕೆಂದರೆ ಕೂಸಿನ ಗುಂಪು ಪಾಸಿಟಿವ್ ಬಂದಲ್ಲಿ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಒಂದು ಚುಚ್ಚುಮದ್ದು ಬೇಕಾಗುತ್ತದೆ.

ನಮ್ಮ ಭಾಗಕ್ಕೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಬೇಕು. ರಕ್ತಸಂಬಂಧದಲ್ಲಿ ಆನುವಂಶಿಕ ತೊಂದರೆಗಳ ಸಾಧ್ಯತೆ ಸ್ವಲ್ಪ ಹೆಚ್ಚಿರುವುದರಿಂದ, 18ರಿಂದ 20 ವಾರದ ನಡುವಿನ ಸ್ಕ್ಯಾನಿಂಗನ್ನು ಅಂಥವರು ತಪ್ಪಿಸಲೇಬಾರದು. ಆ ಸ್ಕ್ಯಾನಿಂಗ್ ಇರುವುದು ಅಂಗಾಂಗಗಳನ್ನು ನೋಡುವುದಕ್ಕೆ. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ.

ಎರಡನೆಯ ಹೆಜ್ಜೆ: ರಕ್ತ, ಊಟ, ಕುಡಿಯುವ ನೀರು

ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 7ಕ್ಕಿಂತ ಇಳಿದರೆ ಆಸ್ಪತ್ರೆಯಲ್ಲೇ ಚಿಕಿತ್ಸೆ ಆಗಬೇಕು. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯಲ್ಲಿ ಸಾಧಾರಣ ರಕ್ತಸ್ರಾವವಾದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಆದ್ದರಿಂದ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು, ಹೆರಿಗೆಯ ನಂತರವೂ 180 ದಿನ ಮುಂದುವರಿಸಬೇಕು. ಈ ಮಾತ್ರೆ ತಿಂದರೆ ಕೂಸು ಕಪ್ಪಾಗುತ್ತದೆ, ದೊಡ್ಡದಾಗಿ ಬೆಳೆದು ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಕಪ್ಪಾಗುವುದು ಮಲ ಮಾತ್ರ. ಮಾತ್ರೆ ನುಂಗಿದ ಹೊತ್ತಿಗೆ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವಾದ್ದರಿಂದ ಎರಡರ ನಡುವೆ ಒಂದು ಗಂಟೆಯಾದರೂ ಬಿಡಬೇಕು. ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆಗೆ ದಿನಕ್ಕೆರಡು ಸಲ, ಆದರೆ ಕಬ್ಬಿಣದ ಮಾತ್ರೆಯೊಂದಿಗೆ ಎಂದೂ ಕೂಡಿಸದೆ ತೆಗೆದುಕೊಳ್ಳಬೇಕು. ಬಸುರಿಗೆ ಮಣ್ಣು, ಸುಣ್ಣ, ಸೀಮೆಸುಣ್ಣ ತಿನ್ನುವ ಆಸೆಯಾದರೆ ನಾವು ಅದನ್ನು ಬಯಕೆ ಎಂದು ನಕ್ಕು ಬಿಡುತ್ತೇವೆ. ಅದು ಹಲವು ಬಾರಿ ಕಬ್ಬಿಣದ ಕೊರತೆಯ ಗುರುತು.

ಊಟದ ವಿಷಯದಲ್ಲಿ ಪೇಟೆಯ ಪ್ರೋಟೀನ್ ಪುಡಿಗಳಿಗಿಂತ ನಮ್ಮ ತಾಟಿನ ಮೇಲೆ ನನಗೆ ಹೆಚ್ಚು ನಂಬಿಕೆಯಿದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಪುಂಡಿಪಲ್ಯ, ನುಗ್ಗೆಸೊಪ್ಪು, ಮೊಸರು ಇಷ್ಟಿದ್ದರೆ ಬಡವರ ಮನೆಯ ಊಟವೂ ಕೊರತೆಯದಲ್ಲ. ತಿನ್ನುವವರು ಇದಕ್ಕೆ ಮೊಟ್ಟೆ, ಮೀನು ಸೇರಿಸಿಕೊಳ್ಳಬಹುದು. ಕೊರತೆ ಬೀಳುವುದು ಬೇರೆ ಕಾರಣಕ್ಕೆ: ಮನೆಯ ಎಲ್ಲರೂ ಉಂಡ ಮೇಲೆ ಸೊಸೆ ಕೊನೆಗೆ ಉಣ್ಣುತ್ತಾಳೆ, ಅಷ್ಟರಲ್ಲಿ ಪಲ್ಯ ಮುಗಿದು ರೊಟ್ಟಿ ಮತ್ತು ಖಾರ ಉಳಿದಿರುತ್ತವೆ. ಈ ಒಂಬತ್ತು ತಿಂಗಳಾದರೂ ಬಸುರಿಗೆ ಮೊದಲು ಬಡಿಸಬೇಕು, ಅದನ್ನು ಗಂಡನೇ ನಿಂತು ನೋಡಿಕೊಳ್ಳಬೇಕು. ಅಂಗನವಾಡಿಯಲ್ಲಿ 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಮೀಸಲಾದ ಬಿಸಿಯೂಟವೂ ಇದೆ. ಎಲೆ ಅಡಿಕೆಯೊಡನೆ ತಂಬಾಕು ಹಾಕುವ ರೂಢಿಯಿದ್ದವರು ಈಗಲೇ ಬಿಡಬೇಕು. ಹತ್ತಿ, ಭತ್ತದ ಹೊಲಕ್ಕೆ ಔಷಧಿ ಹೊಡೆಯುವ ದಿನ ಬಸುರಿಯನ್ನು ಆ ಕಡೆಗೆ ಕೂಲಿಗೆ ಕಳಿಸಬಾರದು.

ನೀರಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ರಾಯಚೂರು, ಕೊಪ್ಪಳ ಜಿಲ್ಲೆಗಳ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ನೀರನ್ನು ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅಂಥ ಊರುಗಳಲ್ಲಿ ಬಸುರಿ ಮತ್ತು ಬಾಣಂತಿಯ ಕುಡಿಯುವ ನೀರನ್ನೂ ಅಡುಗೆಯ ನೀರನ್ನೂ ಶುದ್ಧ ಕುಡಿಯುವ ನೀರಿನ ಘಟಕದಿಂದಲೋ ನದಿಮೂಲದ ನಲ್ಲಿಯಿಂದಲೋ ತರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮೂತ್ರದ ಬಣ್ಣವನ್ನೇ ಅಳತೆಗೋಲಾಗಿಟ್ಟುಕೊಳ್ಳಬಹುದು: ತಿಳಿಯಾಗಿದ್ದರೆ ನೀರು ಸಾಕಾಗಿದೆ, ಗಾಢ ಹಳದಿಯಾಗಿದ್ದರೆ ಸಾಲದು.

ಮೂರನೆಯ ಹೆಜ್ಜೆ: ತವರಿಗೆ ಹೊರಡುವ ಮುನ್ನ

ಕುಬುಸ ಮಾಡಿಸಿಕೊಂಡು ಮೊದಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಪದ್ಧತಿ. ಸೀರೆ, ಬಳೆ, ಬುತ್ತಿಯ ಗದ್ದಲದಲ್ಲಿ ತಾಯಿ ಕಾರ್ಡ್ ಗಂಡನ ಮನೆಯ ಕಪಾಟಿನಲ್ಲೇ ಉಳಿದುಹೋಗುವುದು ತೀರಾ ಸಾಮಾನ್ಯ. ಕಾರ್ಡು, ಸ್ಕ್ಯಾನಿಂಗ್ ವರದಿ, ರಕ್ತದ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವನ್ನು ಒಂದೇ ಚೀಲದಲ್ಲಿ ಹಾಕಿ ಬಸುರಿಯ ಕೈಗೇ ಕೊಡಬೇಕು. ತವರೂರು ತಲುಪಿದ ವಾರದೊಳಗೆ ಅಲ್ಲಿನ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಬೇಕು.

ಯಾವ ಆಸ್ಪತ್ರೆ ಎಂಬುದನ್ನು ನೋವು ಬರುವ ಮೊದಲೇ ತೀರ್ಮಾನಿಸಬೇಕು. ರಕ್ತದೊತ್ತಡ, ಸಕ್ಕರೆ, ಅವಳಿ, ಹಿಂದಿನ ಸಿಸೇರಿಯನ್, ತೀವ್ರ ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಅಥವಾ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ, ರಕ್ತನಿಧಿಯೂ ನವಜಾತ ಶಿಶುಗಳ ವಿಶೇಷ ಘಟಕವೂ ಇರುವ ಕಡೆಗೆ ಹೋಗುವುದು ಕ್ಷೇಮ. ಲಿಂಗಸುಗೂರಿನಂಥ ಕಡೆಯಿಂದ ಜಿಲ್ಲಾ ಕೇಂದ್ರಕ್ಕೆ ಹೋಗಲು ಎರಡು ಗಂಟೆಯಾದರೂ ಹಿಡಿಯುವುದರಿಂದ 108ಕ್ಕೆ ಕರೆ ಮಾಡುವ ನಿರ್ಧಾರವನ್ನು ನೋವು ಹೆಚ್ಚಾಗಲಿ ಎಂದು ಮುಂದೂಡಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತ. ಮೊದಲ ಕೂಸಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿಗೂ ಅರ್ಜಿ ಹಾಕಬಹುದು.

ಬಸಿರಿನ ಯಾವುದೇ ಹಂತದಲ್ಲಿ ರಕ್ತ ಹೋದರೆ, ನೀರು ಒಡೆದರೆ, ತಲೆಸಿಡಿತದ ಜೊತೆ ಕಣ್ಣು ಮಂಜಾದರೆ, ಮುಖ ಬಾತುಕೊಂಡರೆ, ಫಿಟ್ಸ್ ಬಂದರೆ, ಜ್ವರವಿದ್ದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಅಂದೇ ಆಸ್ಪತ್ರೆ ಸೇರಬೇಕು. ಫಿಟ್ಸ್ ಬಂದಾಗ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತ ಕಳೆಯುವ ಗಂಟೆಯೇ ಜೀವ ತೆಗೆಯುವ ಗಂಟೆ. ಅದು ಏರಿದ ರಕ್ತದೊತ್ತಡದ ಪರಿಣಾಮ, ಅದಕ್ಕೆ ಮದ್ದು ಆಸ್ಪತ್ರೆಯಲ್ಲಿದೆ.

ನಾಲ್ಕನೆಯ ಹೆಜ್ಜೆ: ಮೊದಲ ಗಂಟೆ

ಕೂಸು ಹುಟ್ಟಿದ ಕೂಡಲೇ ಒರೆಸಿ, ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ, ಇಬ್ಬರ ಮೇಲೂ ಬಟ್ಟೆ ಹೊದಿಸಿ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು. ಸಿಸೇರಿಯನ್ ಆಗಿದ್ದರೂ ತಾಯಿಗೆ ಎಚ್ಚರವಿದ್ದರೆ ಇದು ಸಾಧ್ಯ, ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಬೇಕು ಅಷ್ಟೇ. ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವವರು ಇಂದಿಗೂ ಇದ್ದಾರೆ. ಹಸುವಿನ ಗಿಣ್ಣವನ್ನು ಕರುವಿಗೆ ಬಿಡದೆ ಕರೆದವನನ್ನು ಬಯ್ಯುವ ಹಿರಿಯರೇ ಮನುಷ್ಯರ ಗಿಣ್ಣವನ್ನು ಚೆಲ್ಲಿಸುವುದು ನನಗೆ ಎಂದೂ ಅರ್ಥವಾಗದ ಸಂಗತಿ. ರೋಗ ತಡೆಯುವ ಶಕ್ತಿ ತುಂಬಿರುವ ಈ ಹಾಲು ಚಮಚದಷ್ಟೇ ಬರುತ್ತದೆ, ಮೊದಲ ದಿನದ ಕೂಸಿನ ಹೊಟ್ಟೆಗೂ ಅಷ್ಟೇ ಸಾಕು. ಜೇನು, ಬೆಲ್ಲದ ನೀರು, ಆಕಳ ಹಾಲು ಯಾವುದನ್ನೂ ನೆಕ್ಕಿಸಬಾರದು. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಅಪಾಯಕಾರಿ.

ಆಸ್ಪತ್ರೆ ಬಿಡುವ ಮುನ್ನ ಬಿಸಿಜಿ, ಪೋಲಿಯೊ ಹನಿ, ಹುಟ್ಟಿದ 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಲಸಿಕೆ ಮತ್ತು ವಿಟಮಿನ್ ಕೆ ಚುಚ್ಚುಮದ್ದು ಆಗಿವೆಯೇ ಎಂದು ತಂದೆಯೇ ಕಾರ್ಡಿನಲ್ಲಿ ನೋಡಬೇಕು, ಹುಟ್ಟಿದ ತೂಕವನ್ನೂ ಬರೆಸಿಕೊಳ್ಳಬೇಕು.

ಐದನೆಯ ಹೆಜ್ಜೆ: ಎದೆಹಾಲು, ಮತ್ತು ನೀರಿನ ಪ್ರಶ್ನೆ

ಎದೆಹಾಲಿನಲ್ಲಿ ನೂರಕ್ಕೆ 87 ಭಾಗಕ್ಕಿಂತ ಹೆಚ್ಚು ನೀರೇ ಇದೆ. ಬಿಸಿಲಿನ ದಿನಗಳಲ್ಲಿ ಕೂಸು ಹೆಚ್ಚು ಸಲ ಮೊಲೆಗೆ ಬರುತ್ತದೆ, ತನಗೆ ಬೇಕಾದ ನೀರನ್ನು ಹಾಗೆ ಪಡೆಯುತ್ತದೆ. ಅದರ ಪುಟ್ಟ ಹೊಟ್ಟೆಗೆ ನೀರು ತುಂಬಿದರೆ ಹಾಲಿಗೆ ಜಾಗ ಉಳಿಯುವುದಿಲ್ಲ. ಕೂಸು ಚೀಪುವುದು ಕಡಿಮೆಯಾಗಿ ತಾಯಿಯ ಹಾಲೂ ಕಡಿಮೆಯಾಗುತ್ತದೆ; ಎಳೆಯ ಮೂತ್ರಪಿಂಡಗಳು ಹೆಚ್ಚುವರಿ ನೀರನ್ನು ಹೊರಹಾಕಲಾರದೆ ರಕ್ತದ ಉಪ್ಪಿನಂಶ ಕುಸಿದು ಫಿಟ್ಸ್ ಬರಬಹುದು; ಒಳಲೆ ಮತ್ತು ನೀರಿನ ಮೂಲಕ ಭೇದಿಯೂ ಬರಬಹುದು. ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು ನೆಕ್ಕಿಸುವುದಕ್ಕೂ, ಹೊಟ್ಟೆ ಸ್ವಚ್ಛವಾಗಲೆಂದು ಔಡಲೆಣ್ಣೆ ಕುಡಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅತ್ತೆಗೋ ತಾಯಿಗೋ ಇದನ್ನು ಹೇಳುವಾಗ ವಾದಕ್ಕಿಳಿಯುವ ಬದಲು, “ಅವ್ವಾ, ಕೂಸಿನ ಪಾಲಿನ ನೀರನ್ನು ನನಗೇ ಕೊಡು, ನಾನು ಹಾಲು ಮಾಡಿ ಕೊಡುತ್ತೇನೆ” ಎಂದು ಹೇಳುವುದು ಹೆಚ್ಚು ಫಲಿಸುತ್ತದೆ.

ಹಚ್ಚುವ ಕ್ರಮ ಹೀಗಿದೆ. ತಾಯಿ ಬೆನ್ನಿಗೆ ಗೋಡೆಯ ಆಸರೆ ಕೊಟ್ಟು ಆರಾಮವಾಗಿ ಕುಳಿತು, ಕೂಸಿನ ತಲೆ, ಕುತ್ತಿಗೆ, ಸೊಂಟ ಒಂದೇ ಸಾಲಿನಲ್ಲಿರುವಂತೆ, ಅದರ ಹೊಟ್ಟೆ ತನ್ನ ಹೊಟ್ಟೆಗೆ ತಾಗುವಂತೆ ಹಿಡಿಯಬೇಕು. ತೊಟ್ಟನ್ನು ಅದರ ಮೇಲ್ದುಟಿಗೆ ಸವರಿ, ಬಾಯಿ ಆಕಳಿಸುವಷ್ಟು ಅಗಲವಾಗಿ ತೆರೆದ ಗಳಿಗೆಯಲ್ಲಿ ಕೂಸನ್ನು ಎದೆಗೆ ತರಬೇಕು. ತಾನು ಬಾಗಿ ಎದೆಯನ್ನು ಕೂಸಿನತ್ತ ಒಯ್ಯಬಾರದು, ಬೆನ್ನುನೋವಿಗೆ ಮೂಲ ಅದೇ. ಗದ್ದ ಎದೆಗೆ ತಾಗಿ, ಕೆಳದುಟಿ ಹೊರಗೆ ಮಡಚಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗಿದ್ದು, ಚೀಪುವಾಗ ತಾಯಿಗೆ ನೋವಿಲ್ಲದಿದ್ದರೆ ಸರಿಯಾಗಿ ಹಚ್ಚಿದಂತೆ. ನೋವಾದರೆ ಕಿರುಬೆರಳನ್ನು ಕೂಸಿನ ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ ಮತ್ತೆ ಹಚ್ಚಬೇಕು. ತೊಟ್ಟು ಬಿರಿಯುವುದಕ್ಕೆ ಮುಖ್ಯ ಕಾರಣ ಬರಿಯ ತೊಟ್ಟನ್ನಷ್ಟೇ ಚೀಪುವುದು. ಬಿರುಕಿಗೆ ಕೊನೆಯಲ್ಲಿ ಬರುವ ಗಟ್ಟಿ ಹಾಲಿನ ಹನಿಯನ್ನೇ ಸವರಿ ಒಣಗಲು ಬಿಟ್ಟರೆ ಸಾಮಾನ್ಯವಾಗಿ ಮಾಯುತ್ತದೆ.

ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಉಣಿಸಬೇಕು. ಗಡಿಯಾರಕ್ಕಿಂತ ಕೂಸನ್ನು ನೋಡುವುದು ಮುಖ್ಯ: ಕೈ ಬಾಯಿಗೆ ಒಯ್ಯುವುದು, ತಲೆ ತಿರುಗಿಸಿ ಹುಡುಕುವುದು ಹಸಿವಿನ ಗುರುತು, ಅಳು ಕೊನೆಯ ಗುರುತು. ಹಾಲು ಸಾಲುತ್ತಿಲ್ಲವೆಂಬ ಅನುಮಾನ ಪ್ರತಿ ಮನೆಯಲ್ಲೂ ಬರುತ್ತದೆ, ಬಂದ ಕೂಡಲೇ ಡಬ್ಬಿ ಹಾಲು ಮನೆಗೆ ಬರುತ್ತದೆ. ಅದಕ್ಕೆ ಮುನ್ನ ಮೂತ್ರ ಎಣಿಸಿ. ಐದನೆಯ ದಿನದ ನಂತರ ದಿನಕ್ಕೆ ಆರು ಸಲ ಅಥವಾ ಹೆಚ್ಚು ಮೂತ್ರವಾಗುತ್ತಿದ್ದು, ಕಪ್ಪು ಮಲ ಹಳದಿಗೆ ತಿರುಗಿದ್ದು, ಎರಡು ವಾರದೊಳಗೆ ಹುಟ್ಟಿದ ತೂಕ ಮರಳಿ ಬಂದಿದ್ದರೆ ಹಾಲು ಸಾಲುತ್ತಿದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ನೂರಕ್ಕೆ ಹತ್ತರಷ್ಟು ಇಳಿದರೆ ವೈದ್ಯರಿಗೆ ತೋರಿಸಬೇಕು.

ಬಾಣಂತಿಯ ನೀರಿನ ಬಗ್ಗೆ ಅತಿಯೂ ಬೇಡ. ಬಾಯಾರಿಕೆಗಿಂತ ಹೆಚ್ಚು ಕುಡಿದ ಮಾತ್ರಕ್ಕೆ ಹಾಲು ಹೆಚ್ಚುವುದಿಲ್ಲ, ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ತುಂಬುತ್ತದೆ. ಆದರೆ ಬಾಯಾರಿದವಳಿಗೆ ನೀರು ಕೊಡದಿದ್ದರೆ ಮಲಬದ್ಧತೆ, ಮೂತ್ರದ ಉರಿ, ತಲೆಸುತ್ತು, ಆಯಾಸ ಬರುತ್ತವೆ. ಪ್ರತಿ ಸಲ ಹಾಲುಣಿಸಲು ಕುಳಿತಾಗ ಕೈಗೆಟುಕುವಂತೆ ಒಂದು ಲೋಟ ನೀರೋ ಮಜ್ಜಿಗೆಯೋ ಇಡುವ ಕೆಲಸವನ್ನು ಗಂಡ ವಹಿಸಿಕೊಳ್ಳಲಿ. ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ ಇವೆಲ್ಲ ಒಳ್ಳೆಯ ತಿನಿಸುಗಳೇ. ಅವುಗಳ ಜೊತೆಗೆ ಬೇಳೆ, ಕಾಯಿಪಲ್ಯ, ಹಣ್ಣು ಇರಬೇಕು. ನಲವತ್ತು ದಿನ ಬರಿಯ ರೊಟ್ಟಿ, ಬೆಳ್ಳುಳ್ಳಿ ಖಾರದಲ್ಲೇ ಕಳೆಯಿಸುವ ಪಥ್ಯ ತಪ್ಪು.

ಕೆಲಸಕ್ಕೆ ಹೋಗುವ ತಾಯಿ ಹಾಲನ್ನು ಹಿಂಡಿಟ್ಟು ಹೋಗಬಹುದು. ತಂಪಾದ ಕೋಣೆಯಲ್ಲಿ ಅದು ನಾಲ್ಕು ಗಂಟೆ ಇರುತ್ತದೆನ್ನುತ್ತಾರೆ, ಆದರೆ ಆ ಲೆಕ್ಕ 25 ಡಿಗ್ರಿಯದು. ನಮ್ಮ ಮೇ ತಿಂಗಳಿಗೆ ಅದನ್ನು ನಂಬಬಾರದು. ಹಿಂಡಿದ ಹಾಲನ್ನು ಕೂಡಲೇ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ, ಬಾಟಲಿಯ ಬದಲು ಕುದಿಸಿ ತೊಳೆದ ಒಳಲೆ ಅಥವಾ ಬಟ್ಟಲಿನಲ್ಲಿ ಕುಡಿಸಬೇಕು.

ಆರನೆಯ ಹೆಜ್ಜೆ: ಬಾಣಂತಿ ಕೋಣೆ ಮತ್ತು ಕೂಸಿನ ಮೈ

ನಮ್ಮ ಮನೆಯ ಮೊದಲ ಕೂಸು ಏಪ್ರಿಲ್ ಕೊನೆಯಲ್ಲಿ ಹುಟ್ಟಿತು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕುಲಾವಿ, ಕುಂಚಿಗೆ, ಮೇಲೊಂದು ಕೌದಿ ಹೊದಿಸಿ, ಹೊರಸಿನ ಕೆಳಗೆ ಕೆಂಡವಿಟ್ಟಿದ್ದೆವು. ಆರನೆಯ ದಿನ ಕೂಸಿನ ಮೈ ಸುಡತೊಡಗಿದಾಗ ಆಸ್ಪತ್ರೆಗೆ ಓಡಿದೆವು. ಅಲ್ಲಿ ವೈದ್ಯರು ಸೋಂಕಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಹೇಳಿದ್ದು, ಬಟ್ಟೆ ಕಡಿಮೆ ಮಾಡಿ, ಹಾಲು ಹೆಚ್ಚು ಸಲ ಕೊಡಿ ಎಂದಷ್ಟೇ. ಬೆಚ್ಚಗಿಡಬೇಕೆಂಬ ನಿಯಮ ಚಳಿಗಾಲಕ್ಕೂ ತೂಕ ಕಡಿಮೆಯಿರುವ ಕೂಸಿಗೂ ಸರಿ. ಬೇಸಿಗೆಯಲ್ಲಿ ದೊಡ್ಡವರು ತೊಡುವಷ್ಟೇ ತೆಳುವಾದ ಹತ್ತಿ ಬಟ್ಟೆ ಸಾಕು. ಫ್ಯಾನ್ ಹಾಕಬಹುದು, ಕೂಲರ್ ಗಾಳಿ ನೇರವಾಗಿ ಬಡಿಯದಂತೆ ನೋಡಿಕೊಂಡರೆ ಸಾಕು. ತಗಡಿನ ಮನೆಯವರು ಮಧ್ಯಾಹ್ನದ ಹೊತ್ತಿಗೆ ಬಾಣಂತಿ, ಕೂಸನ್ನು ನೆರೆಯ ಮಾಳಿಗೆ ಮನೆಗೆ ಕರೆದೊಯ್ಯುವುದು ಒಳ್ಳೆಯದು. ಮುಚ್ಚಿದ ಕೋಣೆಯಲ್ಲಿ ಕೆಂಡ, ಲೋಬಾನದ ಹೊಗೆ ಯಾವ ಕಾಲದಲ್ಲೂ ಬೇಡ. ಕೆಂಡದ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ.

ಮೊದಲ ಸ್ನಾನ ಒಂದು ದಿನ ಕಳೆದ ಮೇಲೆ. ಹೊಕ್ಕಳ ಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ, ಪೌಡರ್ ಏನನ್ನೂ ಹಚ್ಚದೆ ಒಣದಾಗಿಟ್ಟರೆ ಐದರಿಂದ ಹದಿನೈದು ದಿನದಲ್ಲಿ ತಾನೇ ಬೀಳುತ್ತದೆ. ಎಣ್ಣೆ ಹಚ್ಚಿ ಹಗುರಾಗಿ ನೀವುವುದು ಚೆಂದ, ಆದರೆ ಕಿವಿ, ಮೂಗಿಗೆ ಎಣ್ಣೆ ಬಿಡುವುದು, ಕೂಸಿನ ಮೊಲೆ ಹಿಂಡುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ಬೇಡ. ಕಣ್ಣಿಗೆ ಕಾಡಿಗೆ ಬೇಡ, ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಡಬಹುದು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸನ್ನು ತಾಯಿಯೋ ತಂದೆಯೋ ಬರಿ ಎದೆಗೆ ಕಟ್ಟಿಕೊಂಡು ದಿನದ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕು, ಸ್ನಾನವನ್ನು ತೂಕ ಏರುವವರೆಗೆ ಮುಂದೂಡಬೇಕು.

ಕಣ್ಣು, ಮೈ ಹಳದಿಯಾಗುವುದು ಎರಡನೆಯ, ಮೂರನೆಯ ದಿನ ಬಹಳ ಕೂಸುಗಳಲ್ಲಿ ಕಾಣುತ್ತದೆ. ಹುಟ್ಟಿದ 24 ಗಂಟೆಯೊಳಗೇ ಕಂಡರೆ, ಅಂಗೈ, ಅಂಗಾಲಿಗೆ ಇಳಿದರೆ, ಎರಡು ವಾರ ದಾಟಿದರೆ ತಡಮಾಡಬಾರದು. ಎಳೆಬಿಸಿಲು ಇದಕ್ಕೆ ಮದ್ದಲ್ಲ. ಹಳದಿಗೆ, ಹೊಟ್ಟೆಯುಬ್ಬರಕ್ಕೆ, ಜ್ವರಕ್ಕೆ ಬಳೆ ಚೂರು ಕಾಯಿಸಿಯೋ ಊದುಬತ್ತಿಯಿಂದಲೋ ಬರೆ ಹಾಕುವ ಕ್ರೂರ ರೂಢಿ ಕೆಲವೆಡೆ ಇನ್ನೂ ಉಳಿದಿದೆ. ಯಾರೇ ಹೇಳಿದರೂ ಇದಕ್ಕೆ ಒಪ್ಪಬಾರದು. ಸುಟ್ಟ ಗಾಯದಿಂದ ನಂಜೇರಿ ಕೂಸು ಸಾಯಬಹುದು.

ಏಳನೆಯ ಹೆಜ್ಜೆ: ಆಸ್ಪತ್ರೆಗೆ ಓಡಬೇಕಾದ ಹೊತ್ತು, ಮತ್ತು ಮುಂದಿನ ದಿನಗಳು

ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ, ಎದೆಗೂಡು ಒಳಸೇದಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ, ಹೊಕ್ಕಳ ಸುತ್ತ ಕೆಂಪಾಗಿ ಕೀವಾದರೆ ಹಗಲಿರುಳೆನ್ನದೆ ಹೊರಡಬೇಕು, ದಾರಿಯಲ್ಲೂ ಎದೆಗೆ ತಾಗಿಸಿಕೊಂಡಿರಬೇಕು. ಬಾಣಂತಿಗೆ ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಚಳಿಜ್ವರ, ದುರ್ವಾಸನೆಯ ಸ್ರಾವ, ಮೊಲೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಅದೂ ತುರ್ತೇ. ಮೊಲೆಯ ಬಾವಿನಲ್ಲಿ ಹಾಲುಣಿಸುವುದನ್ನು ನಿಲ್ಲಿಸಬಾರದು. ಎರಡು ವಾರ ಕಳೆದರೂ ಕಾರಣವಿಲ್ಲದ ಅಳು, ನಿದ್ದೆಗೇಡು, ಕೂಸಿನ ಬಗ್ಗೆ ಬೇಸರ ಉಳಿದಿದ್ದರೆ ಅದನ್ನು ದೆವ್ವ, ಗಾಳಿ ಎನ್ನದೆ ವೈದ್ಯರಿಗೆ ತೋರಿಸಬೇಕು.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾರೆ. ಮೈಲಿಗೆಯ ನೆಪದಲ್ಲಿ ಬಾಗಿಲಲ್ಲೇ ನಿಲ್ಲಿಸದೆ ಒಳಗೆ ಕರೆದು ಕೂಸನ್ನು ತೂಗಿಸಿಕೊಳ್ಳಬೇಕು. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳನ್ನು ತವರಿನಲ್ಲಿದ್ದರೂ ಗಂಡನ ಮನೆಯಲ್ಲಿದ್ದರೂ ತಪ್ಪಿಸಬಾರದು. ಮುಂದಿನ ಬಸಿರಿಗೆ ಅಂತರವಿಡುವ ಮಾತನ್ನು ಆರನೆಯ ವಾರದ ತಪಾಸಣೆಯಲ್ಲೇ ಗಂಡಹೆಂಡತಿ ಇಬ್ಬರೂ ಕುಳಿತು ಕೇಳಬೇಕು, ಏಕೆಂದರೆ ಮುಟ್ಟು ಮರಳುವ ಮೊದಲೇ ಮತ್ತೆ ಬಸಿರಾಗಬಹುದು.

ಆರು ತಿಂಗಳು ತುಂಬಿದ ದಿನದಿಂದ ಎದೆಹಾಲಿನ ಜೊತೆಗೆ ಚೆನ್ನಾಗಿ ಬೇಯಿಸಿ ಮಸೆದ ಅನ್ನಬೇಳೆ, ರಾಗಿಯ ಅಂಬಲಿ, ತುಪ್ಪದ ಹನಿ, ಮಸೆದ ಬಾಳೆಹಣ್ಣು ಇವನ್ನು ಎರಡು ಮೂರು ಚಮಚದಿಂದ ಆರಂಭಿಸಿ ಹೆಚ್ಚಿಸುತ್ತ ಹೋಗಬೇಕು, ಎದೆಹಾಲನ್ನು ಎರಡು ವರ್ಷದವರೆಗೂ ಮುಂದುವರಿಸಬೇಕು. ಅಟ್ಟದ ಮೇಲಿಟ್ಟಿದ್ದ ಒಳಲೆಯನ್ನು ಆ ದಿನ ಇಳಿಸಿ, ಕುದಿಸಿ ತೊಳೆದು, ಕಾಯಿಸಿ ಆರಿಸಿದ ಶುದ್ಧ ನೀರಿನ ಮೊದಲ ಗುಟುಕನ್ನು ಕೂಸಿಗೆ ಹಾಕುವ ಕೆಲಸವನ್ನು ಅಜ್ಜಿಗೇ ಬಿಡಬಹುದು.